ಗೋಡೆ ಇದ್ದಲ್ಲೇ ಇತ್ತು

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಅವಳು ಎಂದಿನ ಹೊತ್ತಿಗೇ ಎದ್ದಳು. ಹಿಂದಿನ ದಿನದವರೆಗೂ ಯಾರಾದರೊಬ್ಬರು ಅವಳಿಗಿಂತ ಮೊದಲೇ ಎದ್ದು, ಹಾಲು ಒಳಗೆ ತಂದು, ಪಾತ್ರೆ ಸದ್ದು ಮಾಡಿ, “ನೀನು ಮಲಗಿರಮ್ಮ, ನಾವಿದೀವಲ್ಲ” ಎನ್ನುತ್ತಿದ್ದರು. ಇವತ್ತು ಹಾಲಿನ ಪೊಟ್ಟಣ ಬಾಗಿಲ ಹೊರಗೇ ಬಿದ್ದಿತ್ತು. ಅವಳೇ ತಂದಳು, ಅವಳೇ ಕಾಯಿಸಿದಳು, ಉಕ್ಕುವ ಮುಂಚೆ ಅವಳೇ ಒಲೆ ಆರಿಸಿದಳು. ಕೈಕಾಲು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು. ಅವಳು ಅವುಗಳ ಹಿಂದೆ ಹಿಂದೆ ಹೋಗುತ್ತಿದ್ದಳು, ಅಷ್ಟೆ.

ಬಚ್ಚಲಿನ ಕನ್ನಡಿಯನ್ನು ಅವನ ಎತ್ತರಕ್ಕೆ ಹೊಡೆದದ್ದು. ಮೂರು ವರ್ಷದಿಂದ ಅವಳು ಅದರಲ್ಲಿ ತನ್ನ ಹಣೆಯನ್ನೂ ಬೈತಲೆಯನ್ನೂ ಮಾತ್ರ ಕಂಡವಳು. “ಮೊಳೆ ಒಂದು ಗೇಣು ಕೆಳಗೆ ಹೊಡಿ ಅಂದ್ರೆ ನಿನಗೆ ಆಗಲ್ವಾ?” ಎಂದು ಅವಳು, “ನೀನೇ ಒಂದು ಗೇಣು ಬೆಳಿ, ನಾನು ಬೇಡ ಅಂದ್ನಾ?” ಎಂದು ಅವನು. ಇವತ್ತೂ ಹಣೆಯೇ ಕಂಡಿತು. ಮುಖ ನೋಡಿಕೊಳ್ಳಬೇಕಾಗಿ ಬರಲಿಲ್ಲವಲ್ಲ ಎಂದು ಹಗುರವಾಯಿತು.

ಒಂಬತ್ತಕ್ಕೆ ಭಾವ ಬಂದರು. ಗಂಡನ ಅಣ್ಣ, ಬಸ್ ಡಿಪೋದಲ್ಲಿ ಗುಮಾಸ್ತರು. ಮಳೆಯಿಲ್ಲದಿದ್ದರೂ ಕಾಗದಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟುಕೊಂಡು ಓಡಾಡುವವರು. ಆ ಕವರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು.

“ಇದು ವಿಮೆಯವರಿಗೆ. ಕಾರಿನ ಕಡೆಯವರ ಹೇಳಿಕೆ ಅಂತ ಕೇಳ್ತಿದ್ದಾರೆ. ಕಾರು ಅವನ ಹೆಸರಲ್ಲಿತ್ತಲ್ಲ, ನೀನೇ ಕೊಡಬೇಕು. ನಾನೇ ಬರೆದಿದೀನಿ. ನೋಡಮ್ಮ, ನನ್ನ ಕಾಗುಣಿತ ನಿನಗೆ ಗೊತ್ತೇ ಇದೆ. ಕರಡು ತಿದ್ದೋಳು ನೀನು, ಒಂದ್ಸಲ ಕಣ್ಣಾಡಿಸಿ ಸಹಿ ಹಾಕಿಬಿಡು, ಸಾಕು.”

ಅವಳು ಶಾಲೆಯ ಪಠ್ಯಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದಳು. ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಅಲ್ಲಿನ ಹಿರಿಯರು ಹೇಳಿಕೊಟ್ಟಿದ್ದರು: ಕೊನೆಯ ಪದದಿಂದ ಶುರುಮಾಡಿ ಹಿಂದಕ್ಕೆ ಓದಬೇಕು. ಮುಂದಿನಿಂದ ಓದಿದರೆ ಮನಸ್ಸು ಅರ್ಥದ ಬೆನ್ನು ಹತ್ತಿ ಓಡುತ್ತದೆ, ಕಣ್ಣಿಗೆ ಒತ್ತಕ್ಷರ ತಪ್ಪಿಹೋಗುತ್ತದೆ. ಹಿಂದಿನಿಂದ ಓದಿದರೆ ಅರ್ಥದ ಕಾಟವಿಲ್ಲ. ಬರೀ ಅಕ್ಷರ. “ನಾನು ನಿನಗೆ ಪ್ರೇಮಪತ್ರ ಬರೆದ್ರೆ ಅದನ್ನೂ ಬುಡದಿಂದ ಓದಿ, ದೀರ್ಘ ಬಿಟ್ಟಿದೀಯ ಅಂತೀಯ” ಎಂದು ಗಂಡ ಗೇಲಿ ಮಾಡುತ್ತಿದ್ದ.

ಕೆಂಪು ಪೆನ್ನು ಮೇಜಿನ ಮೇಲೆಯೇ ಇತ್ತು. ಅವಳು ಕೊನೆಯಿಂದ ಶುರುಮಾಡಿದಳು. ‘ಸಂಬವಿಸಿರುತ್ತದೆ’, ಭ ಆಗಬೇಕು. ‘ಅಪಗಾತವು’, ಘ. ‘ಅಡ’, ಡಕ್ಕೆ ಒತ್ತು. ‘ಎಚರದಿಂದ’, ಚಕ್ಕೆ ಒತ್ತು. ಹೊಸ ಹಾಳೆಯಲ್ಲಿ ಒಂದೊಂದೇ ಪದವಾಗಿ, ಅರ್ಥದ ಕಡೆ ಗಮನವಿಲ್ಲದೆ, ಶುದ್ಧವಾಗಿ ನಕಲು ಮಾಡಿ, ಕೆಳಗೆ ಸಹಿ ಹಾಕಿ ಕೊಟ್ಟಳು. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಅಚ್ಚು ಹಾಕಿದ ಹಾಗಿದೆ” ಎಂದರು. ಹಾಳೆಯನ್ನು ಕವರಿಗೆ ಸೇರಿಸಿದರು. “ಅವನಿಗೆ ಕಾರು ಕಲಿಸಿದ್ದು ನಾನೇ ಕಣಮ್ಮ. ಈ ಅಂಗಳದಲ್ಲೇ, ಎರಡು ಬಕೆಟ್ ಇಟ್ಟು ಹಿಂದಕ್ಕೆ ತಗೊಳ್ಳೋದು ಕಲಿಸಿದ್ದೆ. ಒಂದು ಬಕೆಟ್‌ಗೂ ಯಾವತ್ತೂ ತಾಗಿಸಿದವನಲ್ಲ.”

ಅವಳು ಟೀ ಕೊಟ್ಟಳು.

*

ಎರಡು ದಿನ ಬಿಟ್ಟು ಫೋನು ಬಂತು. ವಿಮೆಯ ಸರ್ವೇಯರ್. ದನಿಯಲ್ಲಿ ಆತುರವೂ ಇಲ್ಲ, ಮರುಕವೂ ಇಲ್ಲ.

“ನಿಮ್ಮ ಹೇಳಿಕೆ ನನ್ನ ಮುಂದಿದೆ ಮೇಡಂ. ಹಾಸಿಗೆ ಅಂಗಡಿಯ ಗೋಡೆ ರಸ್ತೆಗೆ ಅಡ್ಡ ಬಂದಿದ್ದರಿಂದ ಅಪಘಾತ ಆಯ್ತು ಅಂತ ಬರೆದಿದ್ದೀರಿ. ತಕರಾರು ಇದೆ ಅಂದ ಮೇಲೆ ಎರಡೂ ಕಡೆಯವರನ್ನ ನಿಲ್ಲಿಸಿಕೊಂಡು ಜಾಗ ನೋಡಬೇಕಾಗತ್ತೆ. ನಾಳೆ ಹತ್ತು ಗಂಟೆಗೆ ಬರ್ತೀರಾ?”

“ನಾನು ಹಾಗೆ ಬರೆದಿದೀನಾ?” ಎಂದಳು.

“ಅಕ್ಷರ ನಿಮ್ಮದೇ ಅಲ್ವಾ? ಗುಂಡಗೆ, ಚೆನ್ನಾಗಿದೆ.” ಆತ ಓದಿದರು: “‘ನನ್ನ ಪತಿಯವರು ಪೂರ್ಣ ಎಚ್ಚರದಿಂದ, ನಿಧಾನವಾಗಿ ಕಾರನ್ನು ಚಲಾಯಿಸಿಕೊಂಡು ಬರುತ್ತಿರುವಾಗ್ಗೆ, ತಿರುವಿನಲ್ಲಿ ಹಾಸಿಗೆ ಅಂಗಡಿಯ ಗೋಡೆಯು ರಸ್ತೆಗೆ ಅಡ್ಡ ಬಂದಿದ್ದರಿಂದ ಸದರಿ ಅಪಘಾತವು ಸಂಭವಿಸಿರುತ್ತದೆ.’”

ಮುಂದಿನಿಂದ ಹಿಂದಕ್ಕೆ ಆ ವಾಕ್ಯವನ್ನು ಅವಳು ಮೊದಲ ಸಲ ಕೇಳಿದಳು.

ಫೋನು ಕೆಳಗಿಟ್ಟಳು. ಪೂರ್ಣ ಎಚ್ಚರದಿಂದ. ಆ ‘ಚ್ಚ’ದ ಒತ್ತು ಹಾಕಿದ್ದು ಅವಳೇ. ಅವನು ಅವತ್ತು ಎಂಥ ಎಚ್ಚರದಲ್ಲಿದ್ದ ಎಂಬುದು ಗೊತ್ತಿದ್ದ ಜೀವ ಈ ಭೂಮಿಯ ಮೇಲೆ ಒಂದೇ ಒಂದು.

ಅವತ್ತಿಗೆ ಗಂಡ ಹೆಂಡತಿ ಮಾತು ಬಿಟ್ಟು ಮೂರು ದಿನವಾಗಿತ್ತು. ಕಾರಣ ಹೇಳಿದರೆ ಯಾರಾದರೂ ನಕ್ಕಾರು: ಹಾಸಿಗೆ. ನಡುವೆ ಹಳ್ಳ ಬಿದ್ದ ಹಳೆಯ ಹತ್ತಿಯ ಹಾಸಿಗೆ. ಹೊಸದು ತರೋಣ ಎಂದು ಅವಳು, ಬರುವ ತಿಂಗಳು ನೋಡೋಣ ಎಂದು ಅವನು. “ನಿನ್ನ ಬರುವ ತಿಂಗಳು ಯಾವತ್ತಾದ್ರೂ ಬಂದಿದೆಯಾ?” ಎಂದು ಅವಳು. ಮಾತಿಗೆ ಮಾತು ಬೆಳೆದು, ಅವಳು ದಿಂಬು ಎತ್ತಿಕೊಂಡು ನಡುಮನೆಗೆ ಬಂದು ಚಾಪೆ ಹಾಸಿಕೊಂಡಳು. ಎರಡು ರಾತ್ರಿ ಕೋಣೆಯೊಳಗಿಂದ ಏನೋ ಗುದ್ದುವ ಸದ್ದು ಕೇಳುತ್ತಲೇ ಇತ್ತು. ನನ್ನ ಮೇಲಿನ ಸಿಟ್ಟನ್ನು ದಿಂಬಿನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ, ತೀರಿಸಿಕೊಳ್ಳಲಿ ಎಂದು ಮಗ್ಗುಲು ಬದಲಿಸಿದ್ದಳು. ಮೂರನೆಯ ಬೆಳಗ್ಗೆ ಅವನು ಹೊರಗೆ ಬಂದಾಗ ಕಣ್ಣು ಕೆಂಡವಾಗಿತ್ತು. ಶೂ ಹಾಕಿಕೊಳ್ಳುವಾಗ ಗೋಡೆ ಹಿಡಿದುಕೊಂಡ. ಬಸ್ಸಿಗೆ ಹೋಗು ಎನ್ನುವಷ್ಟು ಮಾತು ಅವಳ ಬಾಯಿಗೆ ಬಂದಿತ್ತು. ಆದರೆ ಮೊದಲು ಮಾತಾಡಿದವರು ಸೋತಂತೆ.

“ಹೊರಟೆ” ಎಂದ ಅವನು.

ಅವಳು ಆರನೆಯ ತರಗತಿಯ ಸಮಾಜ ಪಾಠವನ್ನು ಹಿಂದಿನಿಂದ ಓದುತ್ತಿದ್ದಳು. ತಲೆ ಎತ್ತಲಿಲ್ಲ.

ಹಾಸಿಗೆಗಾಗಿ ಜಗಳವಾಡಿದವನಿಗೆ ಗುದ್ದಲು ಹಾಸಿಗೆ ಅಂಗಡಿಯೇ ಸಿಕ್ಕಿತಲ್ಲ ಎಂಬುದು ಆ ದಿನವೇ ಅವಳ ತಲೆಗೆ ಹೊಳೆದಿತ್ತು. ಯಾರೊಂದಿಗೂ ಹೇಳುವ ಹಾಗಿರಲಿಲ್ಲ. ಅವನು ಪ್ರಯೋಗಶಾಲೆಯ ಮೇಷ್ಟ್ರಾಗಿದ್ದ ಶಾಲೆಗೆ ಹೋಗುವ ದಾರಿಯೇ ಅದು. ದಿನಾ ಆ ತಿರುವನ್ನು ದಾಟಬೇಕು.

ಅವಳು ಭಾವನಿಗೆ ಫೋನು ಮಾಡಿದಳು. “ಆ ಕಾಗದ ವಾಪಸ್ ತಗೋಬಹುದಾ ಭಾವ?”

“ಯಾಕೆ? ಇನ್ನೊಂದು ತಪ್ಪು ಸಿಕ್ತಾ?”

“ಹೂಂ.”

“ಒಂದು ದೀರ್ಘಕ್ಕೆಲ್ಲ ಅವರು ತಲೆ ಕೆಡಿಸ್ಕೊಳ್ಳಲ್ಲ ಬಿಡು. ನಾಳೆ ನಾನೂ ಬರ್ತೀನಿ. ನೀನು ಸುಮ್ಮನೆ ನಿಂತಿರು. ಮಾತು ನಾನಾಡ್ತೀನಿ.”

*

ಅಂಗಡಿ ಅವಳ ಮನೆಯಿಂದ ಕಾಲು ಗಂಟೆಯ ನಡಿಗೆ. ಅಪಘಾತವಾದಂದಿನಿಂದ ಅವಳು ಆ ದಾರಿ ತುಳಿದಿರಲಿಲ್ಲ. ತಿರುವಿಗೆ ಬಂದಾಗ ಮೊದಲು ಕಂಡದ್ದು ನೀಲಿ ಟಾರ್ಪಾಲು. ಬೀದಿಯ ಕಡೆಯ ಗೋಡೆ ಸೊಂಟದೆತ್ತರಕ್ಕೆ ಉಳಿದಿತ್ತು. ಇಟ್ಟಿಗೆಗಳನ್ನು ಯಾರೋ ಅಚ್ಚುಕಟ್ಟಾಗಿ ಒಂದು ಕಡೆ ಪೇರಿಸಿದ್ದರು, ಇಡಿಯವು ಬೇರೆ, ತುಂಡಾದವು ಬೇರೆ. ಮೇಲಿನ ಬೋರ್ಡು ಒಂದೇ ಮೊಳೆಯಲ್ಲಿ ಜೋತಾಡುತ್ತಿತ್ತು. ಒಳಗೆ ಹಾಸಿಗೆ ಹೊಲಿಯುವ ಅಗಲವಾದ ಮರದ ಮಣೆ ಎರಡು ಹೋಳಾಗಿತ್ತು. ಅದರ ಹಿಂದೆ, ಮೂಲೆಯಿಂದ ಮೂಲೆಗೆ, ಎದೆಯೆತ್ತರ ಹತ್ತಿ.

ಅಂಗಡಿಯ ಮುದುಕನನ್ನು ಬೀದಿಯವರೆಲ್ಲ ಮೆತ್ತಜ್ಜ ಎನ್ನುತ್ತಿದ್ದರು. ಮಾಡುವುದು ಮೆತ್ತನೆಯ ವಸ್ತುವಾದರೂ ಆತನ ಮಾತು ಮೆತ್ತಗಿರಲಿಲ್ಲ. ಆತನೂ ಹೆಂಡತಿಯೂ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ವಾಸ. ಅವಳು ಹೋದಾಗ ಸರ್ವೇಯರ್ ಟೇಪು ಹಿಡಿದು ಗೋಡೆಯ ಬುಡ ಅಳೆಯುತ್ತಿದ್ದರು, ಭಾವ ಕವರನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಿಂತಿದ್ದರು. ಅವಳು ಟಾರ್ಪಾಲಿನ ಈಚೆ ಇದ್ದುದರಿಂದ ಯಾರೂ ಅವಳನ್ನು ನೋಡಲಿಲ್ಲ.

“ಇಪ್ಪತ್ತು ವರ್ಷದ ಸರ್ವೀಸು ನನ್ನದು” ಎನ್ನುತ್ತಿದ್ದರು ಸರ್ವೇಯರ್. “ಮರ ಅಡ್ಡ ಬಂದಿದೆ, ಲೈಟು ಕಂಬ ಅಡ್ಡ ಬಂದಿದೆ. ಒಬ್ಬರು ಕೆರೆ ಅಡ್ಡ ಬಂತು ಅಂತ ಬರೆದುಕೊಟ್ಟಿದ್ರು. ಗೋಡೆ ಹೊಸದೇನಲ್ಲ.”

“ಐವತ್ತು ವರ್ಷ ನಿಂತಲ್ಲೇ ನಿಂತಿತ್ತು ಸ್ವಾಮಿ” ಎಂದ ಮೆತ್ತಜ್ಜ. “ಅವತ್ತು ಬೆಳಿಗ್ಗೆ ಯಾಕೋ ನಾಲ್ಕು ಹೆಜ್ಜೆ ವಾಕಿಂಗ್ ಹೋಗಿ ಬರೋಣ ಅನ್ನಿಸಿರಬೇಕು ಅದಕ್ಕೆ. ವಯಸ್ಸಾಯ್ತಲ್ಲ, ಡಾಕ್ಟರು ಹೇಳಿರಬೇಕು.”

“ಸುಮ್ನಿರಿ” ಎಂದಳು ಹೆಂಡತಿ. ಆಕೆಗೆ ಟಾರ್ಪಾಲಿನ ಅಂಚಿನಲ್ಲಿ ಸೀರೆಯ ನೆರಿಗೆ ಕಂಡಿತ್ತು. “ಆ ಹುಡುಗಿ ಬಂದಿದೆ.”

ಮೆತ್ತಜ್ಜ ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡ. “ಬನ್ನಿ ತಾಯಿ” ಎಂದ. “ನೋಡಿ ಕಾಲಿಡಿ.”

ಸರ್ವೇಯರ್ ಟೇಪನ್ನು ಸುತ್ತಿದರು. “ನೋಡಿ ಮೇಡಂ, ನೇರವಾಗಿ ಹೇಳಿಬಿಡ್ತೀನಿ. ಈ ಸಾಲಿನ ಅಂಗಡಿಗಳೆಲ್ಲ ಒಂದೇ ಗೆರೆಯಲ್ಲಿವೆ. ಆ ಗೆರೆ ಸರಿಯೋ ತಪ್ಪೋ ಹೇಳೋದು ನನ್ನ ಕೆಲಸ ಅಲ್ಲ. ಕಾರಿನದೇ ತಪ್ಪು ಅಂತ ನೀವು ಒಪ್ಪಿಕೊಂಡ್ರೆ ನಾನು ಇವತ್ತೇ ಬರೆದು ಮುಗಿಸ್ತೀನಿ, ಇವರು ನಾಳೆ ಗೋಡೆ ಕಟ್ಟಿಸ್ಕೋಬಹುದು. ಗೋಡೆ ರಸ್ತೆಗೆ ಬಂದಿದೆ ಅಂತ ನೀವು ಪಟ್ಟು ಹಿಡಿದ್ರೆ ನಾನು ಹಾಗೇ ಬರೀಬೇಕು. ಆಮೇಲೆ ಕಚೇರಿ, ಅಳತೆ, ಕೋರ್ಟು. ಅದು ಮುಗಿಯೋವರೆಗೂ ಇಲ್ಲಿ ಒಂದು ಇಟ್ಟಿಗೆ ಇಡೋ ಹಾಗಿಲ್ಲ.”

“ಎಷ್ಟು ದಿನ ಆಗತ್ತೆ?” ಎಂದಳು ಮೆತ್ತಜ್ಜನ ಹೆಂಡತಿ.

“ದಿನದ ಲೆಕ್ಕ ಅಲ್ಲಮ್ಮ ಅದು.”

ಟಾರ್ಪಾಲಿನ ಹಗ್ಗ ಸಡಿಲವಾಗಿತ್ತು, ಆಕೆ ಬಿಗಿದು ಕಟ್ಟತೊಡಗಿದಳು.

“ನಮ್ಮವನು ಸುಮ್ಮಸುಮ್ಮನೆ ಗುದ್ದೋ ಪೈಕಿ ಅಲ್ಲ” ಎಂದರು ಭಾವ. “ಗೋಡೆ ಒಂದಡಿ ಒಳಗಿದ್ದಿದ್ರೆ ನನ್ನ ತಮ್ಮ ಇವತ್ತು ಇರ್ತಿದ್ದ.”

“ನನ್ನ ಅಂಗಡಿ ಇನ್ನೊಂದು ಊರಲ್ಲಿದ್ದಿದ್ರೂ ಇರ್ತಿದ್ರು” ಎಂದ ಮೆತ್ತಜ್ಜ. ಆದರೆ ಈ ಸಲ ದನಿಯಲ್ಲಿ ಕೊಂಕಿರಲಿಲ್ಲ.

ಸರ್ವೇಯರ್ ಹಾನಿಯ ಪಟ್ಟಿ ಬರೆಯತೊಡಗಿದರು. ಗೋಡೆ. ಗಾಜಿನ ಷೋಕೇಸು. ಮಣೆ. ಹೊಲಿಗೆ ಯಂತ್ರ. “ಹತ್ತಿಗೇನೂ ಆಗಿಲ್ಲ ಅಲ್ವಾ? ಬೆಳ್ಳಗೆ ಚೆನ್ನಾಗಿದೆ.”

“ನೋಡೋಕೆ ಚೆನ್ನಾಗಿದೆ. ಮಲಗೋಕಲ್ಲ.”

“ಅಂದ್ರೆ?”

“ಗಾಜು ಸ್ವಾಮಿ. ಕಾರಿನ ಗಾಜು, ಷೋಕೇಸಿನ ಗಾಜು, ಎಲ್ಲಾ ಇದರೊಳಗೆ. ಕಲ್ಲಾಗಿದ್ರೆ ಹಿಂಜುವಾಗ ಕೆಳಗೆ ಬೀಳತ್ತೆ. ಗಾಜಿನ ಚೂರು ಎಳೆ ಹಿಡ್ಕೊಂಡು ಕೂತುಬಿಡತ್ತೆ. ಎಷ್ಟು ಹಿಂಜಿದ್ರೂ ಬಿಡಲ್ಲ. ಸೋಫಾ ಮಾಡೋರು ಒಬ್ಬರು ಬಂದಿದ್ರು, ಕೊಡಿ, ಒಳಗೆ ಹಾಕಿ ಹೊಲಿದ್ರೆ ಯಾರಿಗೆ ಕಾಣತ್ತೆ ಅಂದ್ರು. ಯಾರದೋ ಮಗು ಮಲಗತ್ತೆ ಅದರ ಮೇಲೆ.”

“ನನ್ನ ಕಣ್ಣಿಗೆ ಕಾಣದ್ದನ್ನ ನಾನು ಹೇಗೆ ಬರೀಲಿ ಅಜ್ಜ?” ಎಂದರು ಸರ್ವೇಯರ್. ಅವರ ಮಾತೂ ಸುಳ್ಳಲ್ಲ. ಹತ್ತಿ ಆಗ ತಾನೇ ಹಿಂಜಿಟ್ಟ ಹಾಗೆ ಉಬ್ಬಿಕೊಂಡು ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

ಅವಳು ಹತ್ತಿರ ಹೋದಳು. ಕಾರು ಇದರೊಳಗೇ ಬಂದು ನಿಂತದ್ದು ಎಂದು ಪೊಲೀಸರು ಹೇಳಿದ್ದರು. ಅವನ ತೋಳ ಮೇಲೆ, ಕೂದಲಲ್ಲಿ ಹತ್ತಿ ಇತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ನಿದ್ದೆ ಹೋದವನ ಹಾಗಿದ್ದ. ಅವಳು ಸೆರಗು ಸಿಕ್ಕಿಸಿಕೊಂಡು ಬಲಗೈಯನ್ನು ಮೊಣಕೈವರೆಗೆ ಹತ್ತಿಯೊಳಗೆ ತೂರಿಸಿದಳು.

“ಅಯ್ಯೋ, ಬೇಡ ತಾಯಿ!” ಎಂದ ಮೆತ್ತಜ್ಜ.

ಒಳಗೆ ಬೆಚ್ಚಗಿತ್ತು. ಮೊದಲು ಏನೂ ತಿಳಿಯಲಿಲ್ಲ. ಕೈ ಹೊರಗೆ ತೆಗೆದಾಗ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಮೂರು ಗೀರು, ಅಂಗೈಯಲ್ಲಿ ಸಾಸಿವೆಯಷ್ಟು ದೊಡ್ಡ ಹೊಳಪು. ರಕ್ತ ಹತ್ತಿಗೆ ಹತ್ತಿಕೊಂಡು ಬೇಗ ಬೇಗ ಹರಡಿತು. ಆಮೇಲೆ ಉರಿ ಬಂತು. ಹತ್ತು ದಿನದಲ್ಲಿ ಅವಳಿಗೆ ಸರಿಯಾಗಿ ತಾಗಿದ್ದು ಇದೊಂದೇ.

“ಕಂಡಿತಾ ಸರ್?” ಎಂದಳು.

ಸರ್ವೇಯರ್ ತಲೆ ತಗ್ಗಿಸಿ ಬರೆದುಕೊಂಡರು.

*

ಮೆತ್ತಜ್ಜನ ಹೆಂಡತಿ ಅವಳನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ, ಚೊಂಬಿನಿಂದ ಕೈಮೇಲೆ ನೀರು ಹೊಯ್ದಳು. ಕೋಣೆಯಲ್ಲಿ ಒಂದು ಮಂಚ, ಒಂದು ಒಲೆ, ಗೋಡೆಗೊರಗಿಸಿದ ಎರಡು ಹಾಸಿಗೆ.

“ಅತ್ತ ಮುಖ ತಿರುಗಿಸ್ಕೋ. ಚೂರು ತೆಗೀತೀನಿ.”

“ಪರವಾಗಿಲ್ಲಮ್ಮ.”

“ನಿನಗೆ ಪರವಾಗಿಲ್ಲ. ನೀನು ನೋಡ್ತಿದ್ರೆ ನನ್ನ ಕೈ ನಡುಗತ್ತೆ.” ಆಕೆ ಉಗುರಿನಿಂದ ಚೂರನ್ನು ಮೀಟಿ ತೆಗೆದಳು. ಬಟ್ಟೆ ಹರಿದು ಸುತ್ತಿದಳು. ಸುತ್ತುತ್ತಾ, ಗಾಯದ ಕಡೆಯಿಂದ ಮನಸ್ಸು ತಿರುಗಿಸಲೆಂದೋ ಏನೋ, ಮಾತು ತೆಗೆದಳು. “ಮೇಷ್ಟ್ರಿಗೂ ಹೀಗೇ ಆಗಿತ್ತು. ಬೆರಳಿಗೆ ಚುಚ್ಚಿಸ್ಕೊಂಡು, ಇಲ್ಲೇ ಕೂತು, ನನ್ನ ಕೈಲೇ ಬಟ್ಟೆ ಸುತ್ತಿಸ್ಕೊಂಡು ಹೋದ್ರು.”

“ಯಾವ ಮೇಷ್ಟ್ರು?”

“ನಿನ್ನ ಯಜಮಾನ್ರು ಕಣೇ. ಗೊತ್ತಿಲ್ವಾ ನಿನಗೆ? ಅವತ್ತಿಗೆ ಎರಡು ದಿನ ಮುಂಚೆ ಬಂದಿದ್ರು. ಹಾಸಿಗೆ ಬಿಚ್ಚಿ ಹತ್ತಿ ಹಿಂಜಿ ಮತ್ತೆ ಹೊಲಿಯೋದು ಹೇಗೆ, ಹೇಳಿಕೊಡಿ ಅಂತ. ನಮ್ಮವರು, ‘ಇಲ್ಲಿಗೆ ತನ್ನಿ ಮೇಷ್ಟ್ರೇ, ಒಂದೇ ದಿನದಲ್ಲಿ ಹೊಸದರ ಹಾಗೆ ಮಾಡಿಕೊಡ್ತೀನಿ’ ಅಂದ್ರು. ಒಪ್ಪಲಿಲ್ಲ. ‘ಮನೇಲಿ ಮಾತು ಬಿಟ್ಟಿದಾರೆ ಅಜ್ಜ, ಅಂಗಡೀಲಿ ಮಾಡಿಸಿದ್ರೆ ರಾಜಿ ಆಗಲ್ಲ, ಕೈಯಾರೆ ಮಾಡಬೇಕು’ ಅಂತ ನಕ್ಕರು. ಒಂದು ಗಂಟೆ ಕೂತು ಅಂಚು ಹೊಲಿಯೋದು ಕಲಿತ್ರು. ಪಾಪ, ಕೈ ತಿರುಗ್ತಿರಲಿಲ್ಲ. ಕೋಲಿನಿಂದ ಬಡಿದು ಹತ್ತಿ ಬಿಡಿಸಬೇಕು ಅಂದ್ರೆ, ‘ಎರಡು ರಾತ್ರಿ ಸಾಕಾ’ ಅಂತ ಕೇಳಿದ್ರು.” ಆಕೆ ಗಂಟು ಹಾಕಿದಳು. “ಇವರ ದಬ್ಬಣ ಇಸ್ಕೊಂಡು ಹೋದ್ರು.”

ಅವಳು ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗುದ್ದುವ ಸದ್ದು. ಎರಡು ರಾತ್ರಿ. ಎದ್ದು ಹೋಗಿ ಬಾಗಿಲು ತಳ್ಳಿದ್ದರೆ ಆಗುತ್ತಿತ್ತು. ಅಗುಳಿ ಕೂಡ ಹಾಕಿರಲಿಲ್ಲ.

“ಅದನ್ನ ಯಾಕಮ್ಮ ಇಷ್ಟು ದಿನ ಕೇಳಲಿಲ್ಲ ನೀವು?”

“ಏನನ್ನ?”

“ದಬ್ಬಣ.”

“ಥೂ, ಅದನ್ನ ಕೇಳಿಕೊಂಡು ಬರ್ತಾರಾ ಯಾರಾದ್ರೂ, ಇಂಥ ಹೊತ್ತಲ್ಲಿ?” ಎಂದಳು ಆಕೆ. ಸ್ವಲ್ಪ ತಡೆದು, “ಇವರಿಗೆ ಬೇರೆ ದಬ್ಬಣ ಕೈಗೆ ಕೂರಲ್ಲ, ಅದೊಂದು. ಇವರ ಅಪ್ಪನ ಕಾಲದ್ದು” ಎಂದಳು.

ಹೊರಗೆ ಬಂದಾಗ ಸರ್ವೇಯರ್ ಬೈಕಿನ ಸೀಟಿನ ಮೇಲೆ ಕಾಗದ ಜೋಡಿಸುತ್ತಿದ್ದರು.

“ಸರ್, ನಾನು ಬೇರೆ ಹೇಳಿಕೆ ಬರೆದುಕೊಡ್ತೀನಿ.”

“ಏನಮ್ಮ ಅದು?” ಎಂದರು ಭಾವ. “ಸುಮ್ಮನಿರು ಅಂದಿದ್ದೆನಲ್ಲ.”

“ಗೋಡೆ ಅಡ್ಡ ಬರಲಿಲ್ಲ ಭಾವ.”

“ಹಾಗಂತ ಸತ್ತವನ ತಲೆ ಮೇಲೆ ತಪ್ಪು ಹೊರಿಸ್ತೀಯಾ? ಅವನು ಬಂದು ಇಲ್ಲ ಅಂತ ಹೇಳೋಕೆ ಆಗತ್ತಾ?”

“ಅವರು ಎರಡು ರಾತ್ರಿ ಮಲಗಿರಲಿಲ್ಲ.”

“ಅದು ನಿನಗೆ ಹೇಗೆ...” ಎಂದವರು ಅಷ್ಟಕ್ಕೇ ನಿಲ್ಲಿಸಿದರು. ಬೀದಿಯಲ್ಲಿ ಯಾವುದೋ ಸ್ಕೂಟರು ಹೋಯಿತು. ಅದು ತಿರುವಿನಲ್ಲಿ ಮರೆಯಾಯಿತು.

“ಗೊತ್ತಿತ್ತು” ಎಂದಳು ಅವಳು. “ಕಣ್ಣು ನೋಡಿದ್ದೆ. ಕಾರು ತಗೊಂಡು ಹೋಗಬೇಡ ಅನ್ನಲಿಲ್ಲ ನಾನು. ಹೋಗಿ ಬಾ ಅಂತಲೂ ಅನ್ನಲಿಲ್ಲ.”

ಭಾವನ ಕೈಯಲ್ಲಿದ್ದ ಕವರು ಚರಚರ ಎಂದಿತು. “ಒಂದು ಬಕೆಟ್‌ಗೂ ತಾಗಿಸಿದವನಲ್ಲ” ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ಹೋಗಿ, ಪೇರಿಸಿದ ಇಟ್ಟಿಗೆಯ ಮೇಲೆ ಕೂತುಬಿಟ್ಟರು.

“ಬ್ರೇಕ್ ಹಿಡಿದ ಗುರುತು ರಸ್ತೆ ಮೇಲೆ ಇರಲಿಲ್ಲ ಮೇಡಂ” ಎಂದರು ಸರ್ವೇಯರ್ ಮೆಲ್ಲಗೆ. “ಪೊಲೀಸರ ವರದಿಯಲ್ಲಿ ಇದೆ. ನಾನು ಕೇಳಬಾರದು ಅಂತ ಕೇಳಲಿಲ್ಲ.” ಒಂದು ಖಾಲಿ ಹಾಳೆ ಕೊಟ್ಟರು.

ಬಲಗೈಗೆ ಬಟ್ಟೆ ಸುತ್ತಿತ್ತು. ಪೆನ್ನು ಎರಡು ಬೆರಳಲ್ಲಿ ಹಿಡಿಯಬೇಕಾಯಿತು. ಅಕ್ಷರ ಗುಂಡಗೆ ಬರಲಿಲ್ಲ. ಅವಳು ಬರೆದಳು: ನನ್ನ ಗಂಡ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಕಾರು ಓಡಿಸುವಾಗ ನಿದ್ದೆ ಹತ್ತಿತು. ಕಾರು ಅಂಗಡಿಗೆ ನುಗ್ಗಿತು. ಗೋಡೆ ಇದ್ದಲ್ಲೇ ಇತ್ತು.

‘ನಿದ್ದೆ ಹತ್ತಿತು’ ಎಂಬಲ್ಲಿ ಒಂದು ಕ್ಷಣ ನಿಂತಳು. ನಿದ್ದೆ ತಾನಾಗಿ ಬಂದು ಹತ್ತಿಕೊಂಡ ಹಾಗಿತ್ತು ಅದು, ಯಾರ ತಪ್ಪೂ ಇಲ್ಲದ ಹಾಗೆ. ತಿದ್ದಲು ನೋಡಿದಳು. ಅವಳಿಗೆ ಬೇರೆ ಮಾತು ಸಿಗಲಿಲ್ಲ. ಬಿಟ್ಟಳು. ಮುಂದಿನಿಂದ ಹಿಂದಕ್ಕೆ ಒಂದು ಸಲ ಓದಿ ಸಹಿ ಹಾಕಿದಳು.

ಮೆತ್ತಜ್ಜ ಭಾವನಿಗೆ ಒಂದು ಲೋಟ ನೀರು ತಂದುಕೊಟ್ಟ.

*

ಮನೆಗೆ ಬಂದು ಅವಳು ಮಲಗುವ ಕೋಣೆಯ ಬಾಗಿಲು ತೆರೆದಳು. ನೆಂಟರಿದ್ದಷ್ಟು ದಿನವೂ ಅವಳು ನಡುಮನೆಯ ಚಾಪೆ ಬಿಟ್ಟಿರಲಿಲ್ಲ. ಯಾರೋ ಮಂಚದ ಮೇಲೆ ಬಟ್ಟೆಯ ರಾಶಿ ಹಾಕಿ, ಮೇಲೊಂದು ಹೊದಿಕೆ ಎಳೆದಿದ್ದರು. ಒಂದೊಂದೇ ತೆಗೆದು ಕೆಳಗಿಟ್ಟಳು.

ಹಾಸಿಗೆಯ ನಡುವಿನ ಹಳ್ಳ ಹೋಗಿತ್ತು. ಅದರ ಬದಲು ನಡುವೆ ಒಂದು ಗುಡ್ಡ ಎದ್ದಿತ್ತು. ಮೂರು ಬದಿ ಹೊಲಿದಿದ್ದ. ಮೊದಲ ಬದಿಯ ಹೊಲಿಗೆ ಹಾವು ಹರಿದಂತಿತ್ತು, ಎರಡನೆಯದು ಪರವಾಗಿಲ್ಲ, ಮೂರನೆಯದು ನೇರ. ಅಲ್ಲಲ್ಲಿ ಕಂದುಬಣ್ಣದ ಚುಕ್ಕೆ, ಬೆರಳು ಚುಚ್ಚಿಕೊಂಡದ್ದು. ನಾಲ್ಕನೆಯ ಬದಿ ಬಾಯಿ ತೆರೆದುಕೊಂಡೇ ಇತ್ತು. ಅದರ ಅಂಚಿನಲ್ಲಿ ಗೇಣುದ್ದದ ದಬ್ಬಣ ಚುಚ್ಚಿತ್ತು. ಹುರಿ ಪೋಣಿಸಿಯೇ ಇತ್ತು. ಆ ದಿನ ಸಂಜೆ ಬಂದು ಮುಗಿಸುವವನಿದ್ದನೇನೋ.

ಅವಳು ನೆಲದಲ್ಲಿ ಕೂತು, ಹಾಸಿಗೆಯ ಅಂಚಿಗೆ ಕೆನ್ನೆ ಒತ್ತಿ ಸ್ವಲ್ಪ ಹೊತ್ತು ಇದ್ದಳು. ಹೊಸ ಹತ್ತಿಯ ವಾಸನೆಯೇನೂ ಇರಲಿಲ್ಲ. ಹಳೆಯದೇ, ಹಿಂಜಿದ್ದು. ಏನನ್ನಾದರೂ ಹೇಳಬೇಕೆನಿಸಿತು. “ಒಂದು ಕಡೆ ಉಬ್ಬಿದೆ” ಎಂದಳು. ಹದಿಮೂರು ದಿನದ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು ಅದು.

ಮರುದಿನ ಬೆಳಿಗ್ಗೆ ಮುದ್ರಣಾಲಯಕ್ಕೆ ಹೋಗುವ ಮುನ್ನ ಅವಳು ಅಂಗಡಿಗೆ ಹೋದಳು. ಮೆತ್ತಜ್ಜ ಎರಡೂ ಕೈಗೆ ಗೋಣಿ ಸುತ್ತಿಕೊಂಡು ಹತ್ತಿಯನ್ನು ಚೀಲಕ್ಕೆ ತುಂಬುತ್ತಿದ್ದ. ಎಲ್ಲಾದರೂ ದೂರ ಹೂತುಹಾಕಬೇಕು, ದನಕರು ಬಾಯಿ ಹಾಕಬಾರದು ಎಂದ. ಅವಳು ತನ್ನ ಕೈಚೀಲದಿಂದ ಕಾಗದದ ಸುರುಳಿ ತೆಗೆದಳು. ಹಳೆಯ ಕರಡು ಹಾಳೆ. ಬಿಡಿಸಿ, ದಬ್ಬಣವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

ಮೆತ್ತಜ್ಜ ಗೋಣಿ ಬಿಚ್ಚಿದ. ಆದರೆ ತೆಗೆದುಕೊಳ್ಳಲಿಲ್ಲ.

“ಮುಗಿಸಿದ್ರಾ ಮೇಷ್ಟ್ರು?”

“ಇಲ್ಲ. ಒಂದು ಬದಿ ಉಳಿದಿದೆ.”

“ಹಾಗಾದ್ರೆ ಇಟ್ಕೊಳ್ಳಿ ತಾಯಿ. ನೀವು ಮುಗಿಸಿ ಕೊಡಿ. ನನಗೇನು ಅವಸರ? ಮಣೆಯೇ ಇಲ್ಲ, ಹತ್ತಿಯೇ ಇಲ್ಲ.”

“ಬೇಡ ಅಜ್ಜ” ಎಂದಳು. “ಇಸ್ಕೊಂಡಿದ್ದು ಅವರು. ಉಳಿದ ಬದಿ ಹಾಗೇ ಇರಲಿ.”

ಮೆತ್ತಜ್ಜ ಅವಳ ಮುಖ ನೋಡಿದ. ಆಮೇಲೆ ದಬ್ಬಣ ತೆಗೆದುಕೊಂಡು, ಹೆಬ್ಬೆರಳಿನಿಂದ ಮೊನೆ ನೋಡಿ, ಅಂಗಿಯ ತುದಿಯಲ್ಲಿ ಒರೆಸಿದ.